ಕುರಿ ರಕ್ತ, ಇಲಿ ರಕ್ತ

ಕುಂದಾಣದ ಸುತ್ತಮುತ್ತ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅಮ್ಮಯಮ್ಮನಿಗೆ ಹೇಳಿಕಳಿಸುತ್ತಿದ್ದರು. ಹೆರಿಗೆ ಮಾಡಿಸುವವಳು ಬೇರೆ ಇದ್ದಳು. ಅಮ್ಮಯಮ್ಮನ ಕೆಲಸ ಕೂಸಿಗೆ ನೀರು ಹಾಕುವುದು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ ಬೆನ್ನು ನೀವಿ, ಹದವಾದ ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು ತೊಟ್ಟಿಲಿಗೆ ಹಾಕಿದಳೆಂದರೆ ಮಧ್ಯಾಹ್ನದವರೆಗೂ ಅದು ಕಣ್ಣು ಬಿಡುತ್ತಿರಲಿಲ್ಲ. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮ ಲಕ್ಷ್ಮಯ್ಯನ ಮನೆ ಸೇರಿದ್ದಳು. ಆದರೂ ಊರಿನಲ್ಲಿ ಓಡಾಡುವ ಅರ್ಧಕ್ಕರ್ಧ ಹುಡುಗರ ಬೆನ್ನು ಅವಳ ಅಂಗೈಗೆ ಗೊತ್ತಿತ್ತು.

ಎಪ್ಪತ್ತಮೂರರ ದೀಪಾವಳಿಗೆ ಎಣ್ಣೆ ಹಚ್ಚಿಕೊಳ್ಳುವಾಗ ಅವಳ ಕತ್ತಿನಲ್ಲೇ ಗಂಟುಗಳು ಕೈಗೆ ಸಿಕ್ಕವು. ಎರಡೂ ಕಡೆ ಇದ್ದವು, ಒತ್ತಿದರೆ ಜಾರುತ್ತಿದ್ದವು, ನೋವಿರಲಿಲ್ಲ. ಒಂದಷ್ಟು ದಿನ ಸೆರಗು ಮುಚ್ಚಿಕೊಂಡು ಓಡಾಡಿದಳು. ಕಂಕುಳಲ್ಲೂ ಕಾಣಿಸಿಕೊಂಡಾಗ ಲಕ್ಷ್ಮಯ್ಯನಿಗೆ ಹೇಳಿದಳು. ದೇವನಹಳ್ಳಿಯ ಡಾಕ್ಟರು ನೋಡಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಬೆರಳು ಚುಚ್ಚಿ, ತೋಳು ಚುಚ್ಚಿ, ಕಡೆಗೆ ಎದೆಮೂಳೆಗೂ ಸೂಜಿ ಹಾಕಿ ನೋಡಿದರು. ಫಲಿತಾಂಶ ಹೇಳುವಾಗ ಅವಳನ್ನು ಹೊರಗೆ ಕೂರಿಸಿ ಲಕ್ಷ್ಮಯ್ಯನೊಬ್ಬನನ್ನೇ ಒಳಗೆ ಕರೆದರು.

ವಾಪಸು ಬರುವ ಬಸ್ಸು ಯಲಹಂಕ ದಾಟಿತು.

“ಏನಂದ್ರಪ್ಪಾ?” ಎಂದು ಅವಳೇ ಕೇಳಿದಳು.

“ರಕ್ತದಾಗೆ ಬಿಳಿ ಜಾಸ್ತಿ ಆಗೈತಂತೆ ಅಕ್ಕ. ಈಗ್ಲೇ ಔಷ್ದಿ ಏನೂ ಬೇಡಂತೆ. ಮೂರು ತಿಂಗಳಿಗೊಂದ್ಸಲ ಬಂದು ರಕ್ತ ತೋರಿಸ್ಕೊಂಡು ಹೋಗ್ಬೇಕಂತೆ.”

“ಔಷ್ದಿ ಬೇಡ ಅಂದ್ರೆ ಅದಾಗೇ ವಾಸಿ ಆಗುತ್ತಾ?”

ಲಕ್ಷ್ಮಯ್ಯ ಕಿಟಕಿಯ ಆಚೆ ನೋಡಿದ. “ನೋಡ್ಕೊಂಡು ಹೋಗೋದಂತೆ,” ಎಂದ.

ಮನೆಯಲ್ಲಿ ಅವನು ಹೆಂಡತಿ ದ್ಯಾವಮ್ಮನಿಗೆ ಇದ್ದದ್ದನ್ನು ಹೇಳಿದ. ದ್ಯಾವಮ್ಮ ಅತ್ತಳು, ಅತ್ತಿದ್ದು ನಿಜವೇ. ಅವಳು ತನ್ನ ಅಕ್ಕನಿಗೆ ಹೇಳಿದಳು. ಅಲ್ಲಿಂದ ಊರಿಗೆಲ್ಲ ಗೊತ್ತಾಯಿತು. ಔಷಧಿಯೇ ಇಲ್ಲದ ಕಾಯಿಲೆ ಎಂದ ಮೇಲೆ ಜನ ತಮಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡರು. ರಕ್ತದ ಕ್ಯಾನ್ಸರ್, ಇನ್ನೇನು ಆರು ತಿಂಗಳು ಎಂದರು ಕೆಲವರು. ಬಿಳಿ ರಕ್ತ ಮುಟ್ಟಿದರೆ ಅಂಟುತ್ತದೆ ಎಂದರು ಇನ್ನು ಕೆಲವರು. ಆ ಸಂಕ್ರಾಂತಿಯ ಹೊತ್ತಿಗೆ ಕೊಂಡಪ್ಪನ ಸೊಸೆ ಹೆತ್ತಳು. ಅಮ್ಮಯಮ್ಮನಿಗೆ ಕರೆ ಬರಲಿಲ್ಲ. ಆಮೇಲೆ ಇನ್ನೊಂದು ಮನೆಯಿಂದಲೂ ಬರಲಿಲ್ಲ. ದಾರಿಯಲ್ಲಿ ಸಿಕ್ಕವರು ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಮಾತಾಡಿಸುತ್ತಿದ್ದರು, ಆದರೆ ಎರಡು ಮಾರು ದೂರ ನಿಂತು.

ಮನೆಯಲ್ಲಿ ಅವಳ ತಟ್ಟೆ, ಲೋಟ ಬೇರೆಯಾದವು. ಯಾರೂ ಏನೂ ಹೇಳಲಿಲ್ಲ. ಒಂದು ಬೆಳಿಗ್ಗೆ ಅವು ಒಲೆಯ ಪಕ್ಕದ ಗೂಡಿನಲ್ಲಿ ಬೇರೆಯಾಗಿ ಕೂತಿದ್ದವು, ಅಷ್ಟೆ.

ಮಾರನೆಯ ವರ್ಷ ಲಕ್ಷ್ಮಯ್ಯನ ಮಗಳು ಬಾಣಂತನಕ್ಕೆ ಬಂದಳು. ಎಳೆಗೂಸಿಗೆ ದ್ಯಾವಮ್ಮನೇ ನೀರು ಹಾಕಿದಳು. ಅಭ್ಯಾಸವಿಲ್ಲದ ಕೈ, ಕೂಸು ಕಿರುಚುತ್ತಿತ್ತು. ಅಮ್ಮಯಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ನೀರು ಬಿಸಿ ಹೆಚ್ಚಾಗಿದೆ ಎಂದು ಅಳುವಿನಲ್ಲೇ ಗೊತ್ತಾಗುತ್ತಿತ್ತು.

“ವಸಿ ತಣ್ಣೀರು ಬೆರೆಸು ದ್ಯಾವಮ್ಮ,” ಎಂದಳು ಕೂತಲ್ಲಿಂದಲೇ.

“ಬೆರೆಸ್ತೀನಿ ಅತ್ಗೆ,” ಎಂದಳು ದ್ಯಾವಮ್ಮ ಒಳಗಿನಿಂದ. ಸ್ವಲ್ಪ ಹೊತ್ತಿಗೆ ಕೂಸು ಸುಮ್ಮನಾಯಿತು. ಅಮ್ಮಯಮ್ಮ ಸಿಪ್ಪೆಯನ್ನೆಲ್ಲ ಒಟ್ಟುಮಾಡಿ ಎಮ್ಮೆಗೆ ಹಾಕಿ ಬಂದಳು. ಆ ಕೂಸನ್ನು ಅವಳು ಎತ್ತಿಕೊಂಡದ್ದೇ ಇಲ್ಲ. ಅವಳೂ ಕೇಳಲಿಲ್ಲ, ಅವರೂ ಕೊಡಲಿಲ್ಲ.

ಆರು ತಿಂಗಳು ಎಂದದ್ದು ವರ್ಷ ದಾಟಿತು. ಅಮ್ಮಯಮ್ಮ ರಾಗಿ ಕಳೆ ಕೀಳುತ್ತಿದ್ದಳು, ಹುಲ್ಲು ಹೊರೆ ಹೊರುತ್ತಿದ್ದಳು, ಮುದ್ದೆ ಉಣ್ಣುತ್ತಿದ್ದಳು. ಮೊದಮೊದಲು ಕಣ್ಣೀರು ಹಾಕಿದವರಿಗೆ ಈಗ ಅವಳನ್ನು ಕಂಡರೆ ಏನು ಮುಖ ಮಾಡಬೇಕೋ ತಿಳಿಯುತ್ತಿರಲಿಲ್ಲ. ಆಸ್ಪತ್ರೆಗೆ ಲಕ್ಷ್ಮಯ್ಯ ಮೂರು ಸಲ ಜೊತೆಗೆ ಬಂದ. ಆಮೇಲೆ ಹೊಲದ ಕೆಲಸ ಬಂತು. “ನಾನೇ ಹೋಗಿ ಬರ್ತೀನಿ ಬಿಡಪ್ಪ, ದಾರಿ ಗೊತ್ತಾಗೈತೆ,” ಎಂದು ಅವಳೇ ಹೇಳಿದಳು.

ಹಾಗೆ ಒಬ್ಬಳೇ ಹೋದ ಎರಡನೆಯ ಸಲವೋ ಏನೋ, ಆಸ್ಪತ್ರೆಯ ಉದ್ದನೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಎಲೆಗೆ ಸುಣ್ಣ ಸವರುತ್ತಾ ಕೇಳಿದಳು: “ನಿಂಗೂ ಬಿಳೀ ರಕ್ತಾನಾ?”

ಅಮ್ಮಯಮ್ಮ ತಲೆಯಾಡಿಸಿದಳು. ಆ ಹೆಂಗಸು ಕೈ ಸೀರೆಗೆ ಒರೆಸಿಕೊಂಡು, ಕೇಳದೆ ಮಾಡದೆ ಅಮ್ಮಯಮ್ಮನ ಕತ್ತಿಗೆ ಕೈ ಹಾಕಿ ಗಂಟುಗಳನ್ನು ಮುಟ್ಟಿ ನೋಡಿದಳು. “ನಂದೂ ಹಿಂಗೇ ಅವೆ. ನೋಡು,” ಎಂದು ಅಮ್ಮಯಮ್ಮನ ಬೆರಳನ್ನು ಹಿಡಿದು ತನ್ನ ಕತ್ತಿಗೆ ಒತ್ತಿಕೊಂಡಳು.

ಎಷ್ಟೋ ದಿನದ ಮೇಲೆ ಇನ್ನೊಬ್ಬರ ಮೈ ಬಿಸಿ ಅಮ್ಮಯಮ್ಮನ ಕೈಗೆ ತಾಕಿತ್ತು.

ಆ ಹೆಂಗಸು ಸೂಲಿಬೆಲೆಯ ಪಾಪಮ್ಮ. ಅಮ್ಮಯಮ್ಮನಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಗಂಡ ಇಲ್ಲ, ಮಗ ಸೊಸೆ ಹಸು ಕಟ್ಟಿಕೊಂಡಿದ್ದಾರೆ. ಆದರೆ ಮನೆಯಲ್ಲಿ ಕಾಯಿಲೆಯ ವಿಷಯ ಯಾರಿಗೂ ಗೊತ್ತಿಲ್ಲ. ಹೊಸಕೋಟೆಯ ಡಾಕ್ಟರು ಬರೆದುಕೊಟ್ಟದ್ದನ್ನು ಹಿಡಿದುಕೊಂಡು ತಾನೇ ಬಂದು, ತಾನೇ ಕೇಳಿ ತಿಳಿದುಕೊಂಡಿದ್ದಾಳೆ.

“ಹೇಳಿದ್ರೆ ಏನಾಗುತ್ತೆ ಅಂತ ನಿನ್ನ ನೋಡಿದ್ರೇ ಗೊತ್ತಾಗುತ್ತಲ್ಲ,” ಎಂದಳು ಅಮ್ಮಯಮ್ಮನ ಕಥೆ ಕೇಳಿಸಿಕೊಂಡು. “ನಾನು ಏನೋ ಒಂದು ಹೇಳಿ ಬರ್ತೀನಿ. ನಮ್ಮ ಹುಡುಗ ನಂಬ್ತಾನೆ.”

ಅಂದಿನಿಂದ ಅವರಿಬ್ಬರೂ ಒಂದೇ ದಿನಕ್ಕೆ ಬರುವಂತೆ ನೋಡಿಕೊಂಡರು. ಬೆಳಗಿನ ಮೊದಲ ಬಸ್ಸಿಗೆ ಒಬ್ಬಳು ದೇವನಹಳ್ಳಿ ಕಡೆಯಿಂದ, ಇನ್ನೊಬ್ಬಳು ಹೊಸಕೋಟೆ ಕಡೆಯಿಂದ ಬಂದು ಅದೇ ಬೆಂಚಿನಲ್ಲಿ ಕೂರುತ್ತಿದ್ದರು. ರಕ್ತ ಕೊಟ್ಟಾದ ಮೇಲೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಪಾಪಮ್ಮನ ರಾಗಿ ರೊಟ್ಟಿ, ಅಮ್ಮಯಮ್ಮನ ಹುಚ್ಚೆಳ್ಳು ಚಟ್ನಿ. ಒಂದೇ ಬಟ್ಟೆಯ ಮೇಲೆ ಇಟ್ಟುಕೊಂಡು, ಒಬ್ಬಳು ಮುರಿದದ್ದನ್ನು ಇನ್ನೊಬ್ಬಳು ತಿನ್ನುತ್ತಿದ್ದಳು. ಪಾಪಮ್ಮನಿಗೆ ಎಲ್ಲವನ್ನೂ ವಿವರವಾಗಿ ಕೇಳುವ ಚಟ. ಯಾರು ಸೂಜಿ ಹಾಕಿದರು, ಎಷ್ಟು ಸಲ ಚುಚ್ಚಿದರು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಯಾರು, ಅವರು ಎಲ್ಲಿ ಇಳಿದರು. ಅಮ್ಮಯಮ್ಮ ಹೇಳುತ್ತಾ ಹೋದ ಹಾಗೆ ತನಗೂ ಹೇಳಲು ಇಷ್ಟೊಂದು ಇದೆಯಲ್ಲ ಎಂದು ಆಶ್ಚರ್ಯಪಡುತ್ತಿದ್ದಳು. ಉಳಿದ ದಿನಗಳಲ್ಲಿ ಏನಾದರೂ ಕಂಡರೆ, ಇದನ್ನು ಪಾಪಕ್ಕನಿಗೆ ಹೇಳಬೇಕು ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಎಪ್ಪತ್ತಾರರಲ್ಲಿ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದಳು. ಚಿಕ್ಕ ವಯಸ್ಸು, ಬಾಬ್ ಕಟ್ಟಿನ ಕೂದಲು. ಹೊರದೇಶದಲ್ಲಿ ಕಲಿತು ಬಂದವಳಂತೆ. ಅವಳು ಇವರಿಬ್ಬರನ್ನೂ ಕೂರಿಸಿಕೊಂಡು, ಒಂದು ಹೊಸ ಪರೀಕ್ಷೆ ಮಾಡುತ್ತೇನೆ, ಸ್ವಲ್ಪ ಜಾಸ್ತಿ ರಕ್ತ ಬೇಕು ಎಂದಳು. ಅದಕ್ಕೆ ಕುರಿಯ ರಕ್ತ, ಇಲಿಯ ರಕ್ತ ತರಿಸಿದ್ದೇನೆ ಎಂದೂ ಹೇಳಿದಳು.

“ಕುರಿ ರಕ್ತ ನಮ್ಮ ಮೈಗೆ ಹಾಕ್ತೀರಾ?” ಎಂದಳು ಪಾಪಮ್ಮ. “ಹಾಕಿ ತಾಯಿ. ಇಷ್ಟು ವರ್ಷ ಬಾಯಿಂದ ಹಾಕ್ಕೊಂಡಿದ್ದೀನಿ.”

ಡಾಕ್ಟರಮ್ಮ ನಕ್ಕಳು. ಮೈಗೆ ಹಾಕುವುದಿಲ್ಲ, ನಿಮ್ಮ ರಕ್ತದ ಬಿಳಿಯ ಕಣಗಳನ್ನು ಬೇರೆ ಮಾಡಿ ಗಾಜಿನ ನಳಿಗೆಯಲ್ಲಿ ಅದರ ಜೊತೆ ಬೆರೆಸಿಡುತ್ತೇನೆ ಎಂದು ವಿವರಿಸಿದಳು. “ಬಿಳಿ ಕಣದಲ್ಲಿ ಎರಡು ಜಾತಿ ಇದೆ ಅಮ್ಮ. ನೋಡೋಕೆ ಎರಡೂ ಒಂದೇ ಥರ. ಆದ್ರೆ ಅದರ ಮೈಮೇಲೆ ಬೇರೆ ಬೇರೆ ಗುರುತು ಇರುತ್ತೆ, ಕಣ್ಣಿಗೆ ಕಾಣಲ್ಲ. ಒಂದು ಜಾತಿ ಕುರಿ ರಕ್ತದ ಕಣಗಳನ್ನ ಹಿಡ್ಕೊಳ್ಳುತ್ತೆ. ಇನ್ನೊಂದು, ಈ ಕಾಯಿಲೆ ಇದ್ದಾಗ, ಇಲಿ ರಕ್ತದ್ದನ್ನ ಹಿಡ್ಕೊಳ್ಳುತ್ತೆ. ಯಾವುದು ಏನನ್ನ ಹಿಡೀತು ಅಂತ ನೋಡಿದ್ರೆ ಯಾವ ಜಾತಿ ಕೆಟ್ಟಿದೆ ಅಂತ ಗೊತ್ತಾಗುತ್ತೆ.”

“ನಮ್ಮ ಕಡೆ ಕುರಿ ಕಿವಿ ಕೊಯ್ದು ಗುರುತು ಮಾಡ್ತಾರಲ್ಲ, ಯಾರ ಮಂದೇದು ಅಂತ, ಹಂಗಾ?” ಎಂದಳು ಅಮ್ಮಯಮ್ಮ.

“ಹೂಂ, ಹಾಗೇ ಅಂದ್ಕೊಳ್ಳಿ.”

ಮುಂದಿನ ಸಲ ಹೋದಾಗ ಅಮ್ಮಯಮ್ಮನ ಸರದಿ ಮೊದಲು ಬಂತು. ಡಾಕ್ಟರಮ್ಮ ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಅಂದೇ ಬೆರೆಸಿಟ್ಟಿದ್ದ ಅವಳ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದು ಕಣ್ಣು ಮುಚ್ಚಿ ನೋಡುವಂತೆ ಹೇಳಿದಳು. ಮೊದಲು ಬರೀ ಬೆಳಕು. ಆಮೇಲೆ ಒಂದು ದುಂಡನೆಯ ಕಣ ಕಾಣಿಸಿತು. ಅದರ ಸುತ್ತ ಸಣ್ಣ ಸಣ್ಣ ಕಣಗಳು ಒತ್ತೊತ್ತಾಗಿ ಅಂಟಿಕೊಂಡು ಸೇವಂತಿಗೆ ಬಿರಿದ ಹಾಗಿತ್ತು. ಅಂಥವು ಅಲ್ಲೊಂದು ಇಲ್ಲೊಂದು ಎಷ್ಟೋ.

“ಇದೇನಾ ನನ್ನ ಕಾಯಿಲೆ?”

“ಇದೇ. ಇಲಿ ರಕ್ತದ ಕಣಗಳನ್ನ ಹಿಡ್ಕೊಂಡಿದೆ ನೋಡಿ. ಇದು ನಿಧಾನದ ಜಾತಿ ಅಮ್ಮಯಮ್ಮ. ಬರೋರಲ್ಲಿ ಹೆಚ್ಚಿನವರದು ಇದೇ. ವರ್ಷಗಟ್ಟಲೆ ಹೀಗೇ ಇರಬಹುದು. ಪ್ರತಿಸಲ ಬಂದಾಗ ಇವು ಎಷ್ಟಿವೆ ಅಂತ ಲೆಕ್ಕ ನೋಡ್ತಾ ಹೋಗ್ತೀನಿ, ಏರಿದ್ರೆ ಮಾತ್ರ ಮಾತ್ರೆ ಕೊಡ್ತೀನಿ.”

ಅಮ್ಮಯಮ್ಮ ಕಣ್ಣು ಒರೆಸಿಕೊಂಡಳು. “ಪಾಪಕ್ಕಂದೂ ಹಿಂಗೇ ಹೂವಿನಂಗೇ ಐತಾ?”

ಡಾಕ್ಟರಮ್ಮ ಸೂಕ್ಷ್ಮದರ್ಶಕದ ದೀಪ ಆರಿಸಿದಳು. “ಅವರದು ಕುರಿ ರಕ್ತವನ್ನ ಹಿಡ್ಕೊಂಡಿದೆ. ಅದು ಅಪರೂಪ. ನಿಮ್ಮಿಬ್ಬರದೂ ಒಂದೇ ಕಾಯಿಲೆ ಅಲ್ಲ. ಅವರದು ಬೇಗ ಹರಡುತ್ತೆ. ಕೊಟ್ಟಿರೋ ಮಾತ್ರೆ ಕೆಲಸ ಮಾಡ್ತಿಲ್ಲ, ಚರ್ಮದ ಮೇಲೂ ಬಂದಿದೆ. ಅಡ್ಮಿಟ್ ಆಗಿ, ಮಗನ್ನ ಕರ್ಕೊಂಡು ಬನ್ನಿ ಅಂತ ಹೋದ ಸಲಾನೇ ಹೇಳಿದ್ದೀನಿ, ಕೇಳ್ತಿಲ್ಲ. ನಿಮ್ಮ ಮಾತು ಕೇಳಬಹುದು.”

“ಸೇರಿಕೊಂಡ್ರೆ ವಾಸಿ ಆಗುತ್ತಾ?”

“ಒಂದಷ್ಟು ತಿಂಗಳು ಸಿಗಬಹುದು. ಸಂಕಟ ಕಡಿಮೆ ಮಾಡಬಹುದು.”

ಅಮ್ಮಯಮ್ಮನಿಗೆ ತನ್ನದು ನಿಧಾನದ ಜಾತಿ ಎಂದು ಕೇಳಿ ಆಗಬೇಕಾಗಿದ್ದ ಸಮಾಧಾನ ಆಗಲಿಲ್ಲ. ಜೊತೆಯಲ್ಲಿ ಹೊರಟಿದ್ದವರಲ್ಲಿ ತನ್ನನ್ನು ಮಾತ್ರ ನಡುದಾರಿಯಲ್ಲಿ ಇಳಿಸಿ ಬಸ್ಸು ಮುಂದೆ ಹೋಗುತ್ತಿರುವ ಹಾಗೆ ಅನ್ನಿಸಿತು. ಹೊರಗೆ ಬಂದಾಗ ಪಾಪಮ್ಮ ಮೊಣಕೈ ಕೆರೆದುಕೊಳ್ಳುತ್ತಾ ಕೂತಿದ್ದಳು. ಕೆಂಪಗೆ ದಡ್ಡುಗಟ್ಟಿದ್ದ ಚರ್ಮವನ್ನು ಅಮ್ಮಯಮ್ಮ ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲವೆಂದಲ್ಲ. ಗಮನಿಸಿ, ಬಿಸಿಲಿಗೆ ಇರಬೇಕು ಎಂದುಕೊಂಡಿದ್ದಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹೊಸಕೋಟೆ ಬಸ್ಸಿಗೆ ಕಾಯುವಾಗ ಅವಳು ಮಾತು ತೆಗೆದಳು. “ಡಾಕ್ಟ್ರಮ್ಮ ಹೇಳಿದಂಗೆ ಸೇರ್ಕೊಂಡ್ಬಿಡು ಅಕ್ಕ. ಮಗಂಗೆ ಹೇಳು.”

“ನಿಂಗೆ ಸೇರ್ಕೋ ಅಂದ್ಲಾ?”

“ಇಲ್ಲ.”

“ಮತ್ತೆ ನಂಗ್ಯಾಕೆ? ಇಬ್ರಿಗೂ ಒಂದೇ ಕಾಯಿಲೆ ಅಲ್ವಾ? ನೀನು ಇರೋವರ್ಗೂ ನಾನೂ ಇರ್ತೀನಿ ಬಿಡು.” ಪಾಪಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. “ಒಂದೇ ತಾನೆ?”

“ಹೂಂ,” ಎಂದಳು ಅಮ್ಮಯಮ್ಮ. ಬಸ್ಸು ಬಂತು. ಪಾಪಮ್ಮ ಹತ್ತಿ, ಕಿಟಕಿಯಿಂದ ಕೈ ಹೊರಗೆ ಹಾಕಿ ಅವಳ ಅಂಗೈಗೆ ಒಂದು ಎಲೆ ಅಡಿಕೆ ಇಟ್ಟಳು.

ಮುಂದಿನ ಸಲ ಪಾಪಮ್ಮ ಬರಲಿಲ್ಲ. ಅಮ್ಮಯಮ್ಮ ರಕ್ತ ಕೊಟ್ಟು, ಬುತ್ತಿ ಬಿಚ್ಚದೆ, ಬೆಂಚಿನವರೆಲ್ಲ ಎದ್ದು ಹೋಗುವವರೆಗೂ ಕೂತಿದ್ದಳು. ಕಸ ಗುಡಿಸುವವಳು ಬಂದು ಕಾಲೆತ್ತಮ್ಮ ಎಂದಾಗ ಎದ್ದಳು. ಎರಡು ದಿನ ಮನೆಯಲ್ಲಿ ತಡೆದುಕೊಂಡಳು. ಮೂರನೆಯ ದಿನ ತಮ್ಮನಿಗೆ, “ಸೂಲಿಬೆಲೆಗೆ ಹೋಗಿ ಬರ್ತೀನಿ,” ಎಂದಳು.

“ಅಲ್ಯಾರವ್ರೆ ನಮ್ಮೋರು?” ಎಂದ ಲಕ್ಷ್ಮಯ್ಯ.

“ಅವ್ರೆ,” ಎಂದಳು.

ಸೂಲಿಬೆಲೆಯಲ್ಲಿ ಪಾಪಮ್ಮಂದಿರು ಬೇಕಾದಷ್ಟು ಮಂದಿ ಇದ್ದರು. ಬಾಯಿ ತುಂಬ ಎಲೆ ಹಾಕುವ, ಮಾತು ಜಾಸ್ತಿ ಆಡುವ ಪಾಪಮ್ಮ ಎಂದ ಮೇಲೆ ಒಬ್ಬರು ದಾರಿ ತೋರಿಸಿದರು. ಅಂಗಳದಲ್ಲಿ ಹಸುವಿಗೆ ಹಿಂಡಿ ಕಲಸುತ್ತಿದ್ದ ಗಂಡಸು ತಲೆಯೆತ್ತಿದ.

“ಪಾಪಮ್ಮ ಅವ್ರ ಮನೆ ಇದೇನಾ? ನಾನು ಅಮ್ಮಯಮ್ಮ ಅಂತ.”

ಅವನು ಕೈ ತೊಳೆದುಕೊಂಡು ಬಂದು ಅವಳ ಕಾಲು ಮುಟ್ಟಿದ. “ಬನ್ನಿ ಚಿಕ್ಕಮ್ಮ. ಬೆಂಗಳೂರಿಂದ ಒಬ್ರೇ ಬಂದ್ರಾ? ನಮ್ಮಮ್ಮ ನಿಮ್ಮ ಮನೆಗೆ ಬಂದೋದಾಗೆಲ್ಲ ವಾರಗಟ್ಟಲೆ ನಿಮ್ದೇ ಮಾತು. ನಾನು ಆಂಜಿನಪ್ಪ.”

ಪಾಪಮ್ಮ ಮನೆಯಲ್ಲಿ ಹೇಳಿ ಬರುತ್ತಿದ್ದ ‘ಏನೋ ಒಂದು’ ಯಾವುದೆಂದು ಅಮ್ಮಯಮ್ಮನಿಗೆ ಆಗ ತಿಳಿಯಿತು. ಬೆಂಗಳೂರಿನಲ್ಲಿ ದೊಡ್ಡಪ್ಪನ ಮಗಳು ತಂಗಿಯೊಬ್ಬಳು ಸಿಕ್ಕಿದ್ದಾಳೆ, ಒಬ್ಬಂಟಿ, ಆಗಾಗ ಹೋಗಿ ನೋಡಿಕೊಂಡು ಬರಬೇಕು ಎಂದು ಹೇಳಿದ್ದಳಂತೆ. ತಾನು ಕಾಣದ ಈ ಮನೆಯಲ್ಲಿ ತನ್ನ ಹೆಸರು ಎರಡು ವರ್ಷದಿಂದ ಓಡಾಡಿಕೊಂಡಿತ್ತು. ಸೊಸೆ ಅನುಸೂಯಮ್ಮ ಚೊಂಬಿನಲ್ಲಿ ನೀರು ತಂದುಕೊಟ್ಟು, ಅವಳು ಕುಡಿದು ಮಿಕ್ಕಿದ್ದನ್ನು ತಾನೂ ಎತ್ತಿ ಕುಡಿದಳು.

ಪಾಪಮ್ಮ ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಮೈಯೆಲ್ಲ ಕೆಂಪೇರಿ ಸಿಪ್ಪೆ ಏಳುತ್ತಿತ್ತು. ಹೊಟ್ಟೆ ಉಬ್ಬಿತ್ತು. ಮನೆಯವರು ಚರ್ಮದ ಕಾಯಿಲೆ ಎಂದುಕೊಂಡು ಸೊಪ್ಪಿನ ರಸ ಹಚ್ಚುತ್ತಿದ್ದರು.

“ಬಂದ್ಯಾ?” ಎಂದಳು. ಸೊಸೆ ಆಚೆ ಹೋಗುವವರೆಗೂ ಕಾದು, ಮೆಲ್ಲಗೆ ಹೇಳಿದಳು. “ನಿಂಗೆ ಹಿಂಗೆಲ್ಲ ಬಂದಿಲ್ಲ.”

“ಇಲ್ಲ ಅಕ್ಕ.”

“ಬರಲ್ಲ ಅಲ್ವಾ?”

ಅಮ್ಮಯಮ್ಮ ಚಾಪೆಯ ಅಂಚಿನಲ್ಲಿ ಕೂತಳು. ಈ ಸಲ ಹೂಂಗುಟ್ಟಲು ಆಗಲಿಲ್ಲ. “ನಿಂದು ಕುರಿ ರಕ್ತ ಹಿಡ್ಕೊಂಡೈತಂತೆ. ನಂದು ಇಲೀದು. ನಿಂದು ಬೇರೆ ಜಾತಿ ಅಂತ ಡಾಕ್ಟ್ರಮ್ಮ ಹೇಳಿದ್ಲು. ಅವತ್ತು ಬಸ್ ಸ್ಟ್ಯಾಂಡಿನಾಗೆ ನಂಗೆ ಹೇಳಕ್ಕಾಗ್ಲಿಲ್ಲ.”

ಪಾಪಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಸದ್ದು ಶುರುವಾಗಿ ನಿಂತಿತು. ಅಮ್ಮಯಮ್ಮನಿಗೆ, ಇನ್ನು ಇವಳು ತನ್ನ ಕಡೆ ತಿರುಗುವುದೇ ಇಲ್ಲವೇನೋ ಎನ್ನಿಸಿತು.

“ಅವತ್ತೇ ಗೊತ್ತಾಯ್ತು ಕಣೇ,” ಎಂದಳು ಪಾಪಮ್ಮ, ಗೋಡೆಗೇ ಹೇಳುವ ಹಾಗೆ. “ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಆದ್ರೂ ನೀನು ಹೂಂ ಅಂದಿದ್ದು ನಂಗೆ ಬೇಕಾಗಿತ್ತು.” ಆಮೇಲೆ ಈಚೆ ತಿರುಗಿದಳು. “ನೀನು ಇನ್ನೂ ಎಷ್ಟು ವರ್ಷ ಇರ್ತೀಯಂತೆ?”

“ಗೊತ್ತಿಲ್ಲ. ಸುಮಾರು ವರ್ಷ ಅಂತಾಳೆ.”

“ಒಬ್ಳೇ ಹೋಗಿ ಬರ್ಬೇಕಲ್ಲೇ ನೀನು,” ಎಂದಳು ಪಾಪಮ್ಮ.

ಅಮ್ಮಯಮ್ಮ ಅಂಗಳಕ್ಕೆ ಬಂದು ಆಂಜಿನಪ್ಪನನ್ನು ಕರೆದು ನಿಜ ಹೇಳಿದಳು. ತಾನು ಬೆಂಗಳೂರಿನವಳಲ್ಲ, ದೊಡ್ಡಪ್ಪನ ಮಗಳೂ ಅಲ್ಲ, ನಿಮ್ಮಮ್ಮ ಬರುತ್ತಿದ್ದುದು ಆಸ್ಪತ್ರೆಗೆ, ನಾನೂ ಅಲ್ಲಿ ರೋಗಿಯೇ. ಅವನು ಮೊದಲು ನಂಬಲಿಲ್ಲ. ನಂಬಿದ ಮೇಲೆ ಹಿಂಡಿಯ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟ. “ನಂಗೆ ಹೇಳ್ಬಾರ್ದಾಗಿತ್ತಾ ಅವಳು,” ಎಂದ. “ನಾನೇನು ದೂರ ಮಾಡ್ತಿದ್ನಾ?” ಅವನು ದೂರ ಮಾಡುತ್ತಿರಲಿಲ್ಲ ಎಂದು ಅವನ ಮುಖ ನೋಡಿದರೆ ಅಮ್ಮಯಮ್ಮನಿಗೆ ಅನ್ನಿಸುತ್ತಿತ್ತು.

ಮಾರನೆಯ ದಿನವೇ ಅವನು ಒಬ್ಬರ ಕಾರು ಗೊತ್ತು ಮಾಡಿ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ. ಡಾಕ್ಟರಮ್ಮ ಕೈಲಾದದ್ದೆಲ್ಲ ಮಾಡಿದಳು. ಬಾಟಲಿ ಕಟ್ಟಿದರು, ಬೇರೆ ಔಷಧಿ ಕೊಟ್ಟರು. ಕೆಂಪು ಸ್ವಲ್ಪ ಇಳಿದು ಪಾಪಮ್ಮ ಎದ್ದು ಕೂತು ಎಲೆ ಬೇಕೆಂದು ಕೇಳುವ ಮಟ್ಟಕ್ಕೂ ಬಂದಳು. ಅಮ್ಮಯಮ್ಮ ವಾರಕ್ಕೊಮ್ಮೆ ಹೋಗಿ ಮಂಚದ ಪಕ್ಕ ಕೂತು, ಬಸ್ಸಿನಲ್ಲಿ ಕಂಡದ್ದನ್ನೆಲ್ಲ ಹೇಳಿ ಬರುತ್ತಿದ್ದಳು. ಆದರೆ ಆಷಾಢದ ಗಾಳಿ ಏಳುವ ಹೊತ್ತಿಗೆ ಜ್ವರ ಬಂದು ಪಾಪಮ್ಮ ತೀರಿಕೊಂಡಳು. ಸುದ್ದಿ ಕುಂದಾಣಕ್ಕೆ ತಲುಪುವಷ್ಟರಲ್ಲಿ ಮಣ್ಣಾಗಿತ್ತು.

ತಿಥಿಗೆ ಅಮ್ಮಯಮ್ಮ ಹೋದಳು. ಅನುಸೂಯಮ್ಮ ಅವಳನ್ನು ನೆಂಟರ ಸಾಲಿನಲ್ಲೇ ಕೂರಿಸಿದಳು. ಎಲೆಯ ಮುಂದೆ ಕೂತಾಗ ಪಕ್ಕದ ಹೆಂಗಸು, “ನೀವು ಸತ್ತೋರಿಗೆ ಏನಾಗ್ಬೇಕು?” ಎಂದು ಕೇಳಿದಳು. ಅನುಸೂಯಮ್ಮ ಬಡಿಸುತ್ತಾ, “ನಮ್ಮತ್ತೆ ತಂಗಿ,” ಎಂದಳು. ಊಟ ಮುಗಿದ ಮೇಲೆ ಆಂಜಿನಪ್ಪ ಬಸ್ಸಿನವರೆಗೂ ಬಂದು, ಬರ್ತಾ ಇರಿ ಚಿಕ್ಕಮ್ಮ ಎಂದ. ಅವಳೂ ಬರ್ತೀನಪ್ಪ ಎಂದಳು. ಮತ್ತೆ ಹೋಗಲಿಲ್ಲ. ಹೋಗಿ ಯಾರನ್ನು ನೋಡಬೇಕಿತ್ತು.

ಎಪ್ಪತ್ತೊಂಬತ್ತರವರೆಗೂ ಅವಳು ತಪ್ಪದೆ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಕತ್ತಿನ ಗಂಟುಗಳು ಇದ್ದ ಹಾಗೇ ಇದ್ದವು. ಊರಿನವರ ಭಯ ತಾನಾಗಿ ಸವೆದು, ಎದುರು ಸಿಕ್ಕವರು ಹತ್ತಿರ ನಿಂತೇ ಮಾತಾಡುತ್ತಿದ್ದರು. ಅಷ್ಟರಲ್ಲಿ ಎಳೆಗೂಸುಗಳಿಗೆ ನೀರು ಹಾಕಲು ಸೊಣ್ಣಮ್ಮ ಎಂಬ ಇನ್ನೊಬ್ಬಳು ಕಾಯಂ ಆಗಿದ್ದಳು.

ಆ ವರ್ಷದ ಕಡೆಯ ಭೇಟಿಯಲ್ಲಿ ಡಾಕ್ಟರಮ್ಮ ಅವಳ ರಕ್ತವನ್ನು ನೋಡಿ ಮುಗಿಸಿ, ಕುರ್ಚಿ ಹಿಂದಕ್ಕೆ ಸರಿಸಿ ಕೂತಳು. “ಅದೇ ಗುರುತು, ಅಷ್ಟೇ ಲೆಕ್ಕ. ಏನೂ ಏರಿಲ್ಲ ಅಮ್ಮಯಮ್ಮ. ಇನ್ಮೇಲೆ ಆರು ತಿಂಗಳಿಗೊಂದ್ಸಲ ಬಂದ್ರೆ ಸಾಕು.”

“ಆರು ತಿಂಗಳಿಗಾ?” ಎಂದಳು ಅಮ್ಮಯಮ್ಮ. ಡಾಕ್ಟರಮ್ಮ ನಗುತ್ತಿದ್ದಳು. ಆದ್ದರಿಂದ ಅವಳೂ ನಕ್ಕಳು.

ಬಸ್ಸು ಮುಕ್ಕಾಲು ಖಾಲಿಯಿತ್ತು. ದೇವನಹಳ್ಳಿಯಲ್ಲಿ ಇಳಿದು ಕುಂದಾಣದ ಬಸ್ಸು ಹಿಡಿದು ಮನೆ ಸೇರುವಾಗ ಇನ್ನೂ ಬೆಳಕಿತ್ತು. ಲಕ್ಷ್ಮಯ್ಯ ಪಂಪ್‌ಸೆಟ್ಟಿಗೆ ಕರೆಂಟು ಬರುವ ಹೊತ್ತೆಂದು ಹೊಲಕ್ಕೆ ಹೊರಟಿದ್ದ.

“ಏನಂದ್ರಕ್ಕ?”

“ಏರಿಲ್ವಂತೆ.”

“ಒಳ್ಳೇದಾಯ್ತಲ್ಲ,” ಎಂದು ಅವನು ಮನಸಾರೆಯೇ ಹೇಳಿ, ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋದ.

ಅಮ್ಮಯಮ್ಮ ಜಗಲಿಯ ಮೇಲೆ ಕೂತಳು. ಇವತ್ತು ಸೂಜಿ ಹಾಕಿದವಳು ಹೊಸಬಳು, ರಕ್ತನಾಳ ಸಿಗದೆ ಎರಡು ಸಲ ಚುಚ್ಚಿದ್ದಳು. ಬಸ್ಸಿನಲ್ಲಿ ಮುದುಕನೊಬ್ಬ ಕೋಳಿ ಹುಂಜವನ್ನು ಮಡಿಲಲ್ಲಿ ಕೂರಿಸಿಕೊಂಡು ಬಂದು ಚಿಕ್ಕಜಾಲದಲ್ಲಿ ಇಳಿದಿದ್ದ. ಒಳಗಿನಿಂದ ದ್ಯಾವಮ್ಮ ಊಟಕ್ಕೆ ಕರೆದಳು. ಬರ್ತೀನಿ ಎಂದು ಹೇಳಿ ಇನ್ನಷ್ಟು ಹೊತ್ತು ಅಲ್ಲೇ ಕೂತಿದ್ದು, ಆಮೇಲೆ ಎದ್ದು ಕಾಲು ತೊಳೆಯಲು ಹೋದಳು.